ಅಮೆರಿಕದ ವೋಟರ್ ಐಡಿ ಜಗಳ: ಕಾರ್ಡ್ ತೋರಿಸುವುದು ಸರಿ, ತಲುಪಿಸುವವರು ಯಾರು?

ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ನಮ್ಮಲ್ಲೂ ಒಂದು ಚರ್ಚೆ ಶುರುವಾಗುತ್ತದೆ. "ಅಷ್ಟು ಮುಂದುವರಿದ ದೇಶ, ವೋಟು ಹಾಕೋಕೆ ಒಂದು ಗುರುತಿನ ಚೀಟಿ ಕೇಳಲ್ವಂತೆ! ನಮ್ಮ ಹಳ್ಳಿ ಅಜ್ಜಿ ಕಾರ್ಡ್ ಹಿಡ್ಕೊಂಡು ಬರ್ತಾಳೆ, ಅವರಿಗೇನು ಕಷ್ಟ?" ಅನ್ನುತ್ತಾರೆ ಒಬ್ಬರು. "ಕಾರ್ಡ್ ಕೇಳುವುದೇ ಕಪ್ಪು ಜನರ ವೋಟು ಕಸಿಯುವ ಹುನ್ನಾರ" ಅನ್ನುತ್ತಾರೆ ಇನ್ನೊಬ್ಬರು. ಸ್ವಲ್ಪ ಹೊತ್ತಿಗೆ ಕಾರ್ಡ್ ಬೇಕೆನ್ನುವ ರಿಪಬ್ಲಿಕನ್ ಪಕ್ಷ ಅಂದರೆ ಅಲ್ಲಿಯ ಬಿಜೆಪಿ, ಅದನ್ನು ವಿರೋಧಿಸುವ ಡೆಮಾಕ್ರಟಿಕ್ ಪಕ್ಷ ಅಂದರೆ ಅಲ್ಲಿಯ ಕಾಂಗ್ರೆಸ್ ಅಂತ ಲೆಕ್ಕ ಹಾಕಿಕೊಂಡು, ನಮ್ಮದೇ ಜಗಳವನ್ನು ಅವರ ಹೆಸರಿನಲ್ಲಿ ಆಡತೊಡಗುತ್ತೇವೆ.

ಹೊರಗಿನವರಿಗೆ ಇದರಲ್ಲೇನು ಕೆಲಸ ಅಂತ ನಾನು ಕೇಳುವುದಿಲ್ಲ. ಅವರೇ ನಮ್ಮನ್ನು ಎಳೆದು ತಂದಿದ್ದಾರೆ. 2025ರ ಮಾರ್ಚ್ 25ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಚುನಾವಣಾ ಆದೇಶದ ಮೊದಲ ಭಾಗದಲ್ಲೇ ಭಾರತದ ಹೆಸರಿದೆ. ಭಾರತ ಮತ್ತು ಬ್ರೆಜಿಲ್ ಮತದಾರರ ಗುರುತನ್ನು ಬಯೋಮೆಟ್ರಿಕ್ ಮಾಹಿತಿಗೆ ಜೋಡಿಸುತ್ತಿವೆ, ಅಮೆರಿಕ ಮಾತ್ರ ಪೌರತ್ವದ ವಿಷಯದಲ್ಲಿ ಬಹುಪಾಲು ಜನರ ಸ್ವಂತ ಹೇಳಿಕೆಯನ್ನೇ ನಂಬಿಕೊಂಡಿದೆ ಅನ್ನುವುದು ಅಲ್ಲಿಯ ಮಾತು. ಆಧಾರ್ ಜೋಡಣೆ ನಮ್ಮಲ್ಲಿ ಕಡ್ಡಾಯವಲ್ಲ ಅನ್ನುವುದನ್ನು ಅದರಲ್ಲಿ ಹೇಳಿಲ್ಲ. ಇರಲಿ. ನಮ್ಮ ಹೆಸರು ಹೇಳಿ ವಾದ ಕಟ್ಟಿದ ಮೇಲೆ ಮಾತಾಡುವ ಹಕ್ಕು ನಮಗೂ ಇದೆ, ಅಲ್ವಾ?

ಆದರೆ ಮಾತಾಡುವಾಗ ನಾವು ಅರ್ಧ ಪ್ರಶ್ನೆಯನ್ನಷ್ಟೇ ಎತ್ತುತ್ತಿದ್ದೇವೆ ಅನ್ನುವುದು ನನ್ನ ತಕರಾರು. ಮತಗಟ್ಟೆಯಲ್ಲಿ ಕಾರ್ಡ್ ಕೇಳಬೇಕೋ ಬೇಡವೋ ಅನ್ನುವುದು ಮೊದಲ ಅರ್ಧ. ಆ ಕಾರ್ಡ್ ಜನರ ಕೈಗೆ ತಲುಪುವಂತೆ ಓಡಾಡಬೇಕಾದವರು ಯಾರು, ಸರ್ಕಾರವೋ ಮತದಾರನೋ ಅನ್ನುವುದು ಉಳಿದರ್ಧ. ಅಮೆರಿಕದ ಜಗಳದ ಬೇರು ಈ ಎರಡನೇ ಅರ್ಧದಲ್ಲಿದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡಿಕೊಳ್ಳೋಣ. ಅಮೆರಿಕದಲ್ಲಿ ಐಡಿ ಕೇಳುವುದೇ ಇಲ್ಲ ಅನ್ನುವುದು ಸುಳ್ಳು. 50 ರಾಜ್ಯಗಳಲ್ಲಿ ಸುಮಾರು 36 ರಾಜ್ಯಗಳು ಮತಗಟ್ಟೆಯಲ್ಲಿ ಯಾವುದೋ ಒಂದು ಗುರುತು ಕೇಳುತ್ತವೆ. ಕೆಲವು ಕಡೆ ಫೋಟೋ ಇರುವ ಐಡಿಯೇ ಆಗಬೇಕು, ಕೆಲವು ಕಡೆ ಕರೆಂಟ್ ಬಿಲ್ ತೋರಿಸಿದರೂ ನಡೆಯುತ್ತದೆ. ಏನೂ ಕೈಯಲ್ಲಿಲ್ಲದಿದ್ದರೆ ಪ್ರಮಾಣ ಮಾಡಿ ಸಹಿ ಹಾಕಿದರೆ ಸಾಕು ಅನ್ನುವ ರಾಜ್ಯಗಳೂ ಇವೆ. ಅಲ್ಲಿ ನಮ್ಮ ಚುನಾವಣಾ ಆಯೋಗದಂಥ ಒಂದೇ ಸಂಸ್ಥೆ ಇಲ್ಲ. ಚುನಾವಣೆ ನಡೆಸುವುದು ರಾಜ್ಯಗಳು, ಅದರಲ್ಲೂ ಅವುಗಳ ಕೆಳಗಿನ, ನಮ್ಮ ಜಿಲ್ಲೆಗಳಂಥ ಕೌಂಟಿಗಳು. ಹೀಗಾಗಿ ಟೆಕ್ಸಾಸ್‌ನ ಪ್ಲೇನೋದಲ್ಲಿರುವ ಕನ್ನಡಿಗರೊಬ್ಬರು, ಅಲ್ಲಿಯ ಪೌರತ್ವ ಪಡೆದವರಾದರೆ, ಡ್ರೈವಿಂಗ್ ಲೈಸೆನ್ಸ್ ತೋರಿಸಿ ವೋಟು ಹಾಕುತ್ತಾರೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಅವರ ತಮ್ಮ ಹೆಸರು ಹೇಳಿ ಸಹಿ ಹಾಕುತ್ತಾನೆ. ಅಧಿಕಾರಿ ಆ ಸಹಿಯನ್ನು ಹಳೆಯ ಸಹಿಯ ಜೊತೆ ಹೋಲಿಸಿ ಒಳಗೆ ಬಿಡುತ್ತಾರೆ.

ಇದರರ್ಥ ನ್ಯೂಜೆರ್ಸಿಯಲ್ಲಿ ತಪಾಸಣೆಯೇ ಇಲ್ಲ ಅಂತಲ್ಲ. ತಪಾಸಣೆ ನಡೆಯುವ ಜಾಗ ಬೇರೆ. 2002ರ ಫೆಡರಲ್, ಅಂದರೆ ಕೇಂದ್ರದ ಕಾನೂನಿನ ಪ್ರಕಾರ, ಹೆಸರು ನೋಂದಾಯಿಸುವಾಗಲೇ ಲೈಸೆನ್ಸ್ ನಂಬರ್ ಅಥವಾ ಪಿಂಚಣಿ, ತೆರಿಗೆಯ ಲೆಕ್ಕಕ್ಕೆ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಕೊಡಬೇಕು. ಅದನ್ನು ಸರ್ಕಾರದ ದಾಖಲೆಯ ಜೊತೆ ತಾಳೆ ನೋಡುತ್ತಾರೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಜೈಲು. ಪೌರರಲ್ಲದವರಾದರೆ ಜೈಲಿನ ಜೊತೆ ಗಡಿಪಾರು ಕೂಡ.

ಹಾಗಾದರೆ ಎಲ್ಲರಿಗೂ ಒಂದು ಕಾರ್ಡ್ ಯಾಕೆ ಕೊಡುವುದಿಲ್ಲ? ಕೊಡಲು ಅಮೆರಿಕನ್ನರೇ ಬಿಡುವುದಿಲ್ಲ. ರಾಷ್ಟ್ರೀಯ ಗುರುತಿನ ಚೀಟಿ ಅಂದರೆ ಅಲ್ಲಿಯ ಎಡದವರಿಗೂ ಬಲದವರಿಗೂ ಆಗಿಬರುವುದಿಲ್ಲ. ಕೇಂದ್ರ ಸರ್ಕಾರದ ಕೈಯಲ್ಲಿ ಎಲ್ಲರ ಪಟ್ಟಿ ಇರಬಾರದು ಅನ್ನುವ ಅಂಜಿಕೆ ಅಷ್ಟು ಆಳವಾದದ್ದು. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಮೇಲೆಯೇ "ಗುರುತಿಗಾಗಿ ಅಲ್ಲ" ಅಂತ ಬಹಳ ವರ್ಷ ಅಚ್ಚು ಹಾಕುತ್ತಿದ್ದರು. ಲೈಸೆನ್ಸ್‌ಗಳಿಗೆ ದೇಶಕ್ಕೆಲ್ಲ ಒಂದೇ ಮಟ್ಟ ತರುವ ರಿಯಲ್ ಐಡಿ ಕಾನೂನು 2005ರಲ್ಲೇ ಪಾಸಾಯಿತು. ವಿಮಾನ ನಿಲ್ದಾಣಗಳಲ್ಲಿ ಜಾರಿಗೆ ಬಂದದ್ದು 2025ರ ಮೇ ತಿಂಗಳಲ್ಲಿ, ಅಂದರೆ 20 ವರ್ಷದ ಮೇಲೆ. ಇಂಥ ದೇಶದಲ್ಲಿ "ವೋಟಿಗೆ ಕಾರ್ಡ್ ತನ್ನಿ" ಅಂದರೆ ಬಹುಪಾಲು ಜನರಿಗೆ ಅದು ಡ್ರೈವಿಂಗ್ ಲೈಸೆನ್ಸ್. ಕಾರು ಓಡಿಸದ ಮುದುಕರು, ಬಡವರು, ನಗರದ ಹುಡುಗರು ಏನು ಮಾಡಬೇಕು ಅನ್ನುವಲ್ಲಿಗೆ ಜಗಳ ಬಂದು ನಿಲ್ಲುತ್ತದೆ.

ಈ ಜಗಳಕ್ಕೆ ಒಂದು ಹಳೆಯ ಗಾಯವೂ ಇದೆ. ಅದನ್ನು ತಿಳಿಯದೆ ಡೆಮಾಕ್ರಾಟರ ಸಿಟ್ಟು ಅರ್ಥವಾಗುವುದಿಲ್ಲ. 1960ರ ದಶಕದ ಆರಂಭದಲ್ಲಿ ಅಲಬಾಮಾದ ಸೆಲ್ಮಾ ಊರಿರುವ ಡಲ್ಲಾಸ್ ಕೌಂಟಿಯಲ್ಲಿ ಮತದಾನದ ವಯಸ್ಸಿನ ಕಪ್ಪು ಜನ ಸುಮಾರು 15 ಸಾವಿರ ಇದ್ದರು. ಪಟ್ಟಿಯಲ್ಲಿ ಹೆಸರಿದ್ದದ್ದು ಕೆಲವೇ ನೂರು ಜನರದ್ದು. "ನೀನು ಕಪ್ಪು, ನಿನಗೆ ವೋಟಿಲ್ಲ" ಅಂತ ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ನೋಂದಣಿ ಕಚೇರಿ ತಿಂಗಳಿಗೆ ಎರಡು ದಿನ ಮಾತ್ರ ತೆರೆಯುತ್ತಿತ್ತು. ಹೋದರೆ ಸಂವಿಧಾನದ ಬಗ್ಗೆ ಪರೀಕ್ಷೆ. ಅದರಲ್ಲಿ ಪಾಸೋ ಫೇಲೋ ಅಧಿಕಾರಿಯ ಇಷ್ಟ. ದಕ್ಷಿಣದ ಕೆಲವು ರಾಜ್ಯಗಳಲ್ಲಿ ವೋಟು ಹಾಕಲು ತೆರಿಗೆಯೂ ಇತ್ತು. ಎಲ್ಲವೂ ನೋಡಲು ಎಲ್ಲರಿಗೂ ಒಂದೇ ನಿಯಮ. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆ ಮೇಲೆ ಮೆರವಣಿಗೆ ಹೊರಟವರನ್ನು ಪೊಲೀಸರು ಬಡಿದದ್ದು, ಅದೇ ವರ್ಷ ಮತದಾನ ಹಕ್ಕು ಕಾಯ್ದೆ ಬಂದದ್ದು, ಎಲ್ಲ ಇದರ ಮುಂದುವರಿಕೆ.

ಇಲ್ಲಿ ಪಕ್ಷಗಳ ಲೆಕ್ಕ ಹಾಕುವವರು ಒಂದು ಕ್ಷಣ ನಿಲ್ಲಬೇಕು. ದಕ್ಷಿಣದಲ್ಲಿ ಆ ಪರೀಕ್ಷೆಗಳನ್ನು ನಡೆಸುತ್ತಿದ್ದ ಆಡಳಿತ ಡೆಮಾಕ್ರಟಿಕ್ ಪಕ್ಷದ್ದೇ. ಅದನ್ನು ಮುರಿಯುವ ಕಾಯ್ದೆಗೆ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಕೂಡ ಡೆಮಾಕ್ರಾಟ್. ಕಾಯ್ದೆಗೆ ಬಹುಪಾಲು ರಿಪಬ್ಲಿಕನ್ ಸದಸ್ಯರ ಮತವೂ ಬಿತ್ತು. ಆಮೇಲೆ ದಕ್ಷಿಣದ ಬಿಳಿಯರು ನಿಧಾನವಾಗಿ ರಿಪಬ್ಲಿಕನ್ ಕಡೆ ಸರಿದರು, ಕಪ್ಪು ಜನ ಡೆಮಾಕ್ರಟಿಕ್ ಪಕ್ಷದಲ್ಲಿ ಗಟ್ಟಿಯಾದರು. ಇದನ್ನು ಬಿಜೆಪಿ, ಕಾಂಗ್ರೆಸ್ ಅಂತ ಹೊಂದಿಸಲು ಹೋದರೆ ಎಲ್ಲೂ ಕೂರುವುದಿಲ್ಲ.

ಈಗಿನ ಐಡಿ ಕಾನೂನುಗಳ ಕಥೆ ಶುರುವಾಗುವುದು ಇಂಡಿಯಾನಾದಿಂದ. 2005ರಲ್ಲಿ ಅಲ್ಲಿ ಫೋಟೋ ಐಡಿ ಕಡ್ಡಾಯ ಮಾಡಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2008ರ ಏಪ್ರಿಲ್ ಕೊನೆಯಲ್ಲಿ ಕೋರ್ಟು 6–3ರಲ್ಲಿ ಕಾನೂನನ್ನು ಎತ್ತಿಹಿಡಿಯಿತು. ಇಂಡಿಯಾನಾದ ಇತಿಹಾಸದಲ್ಲಿ ಮತಗಟ್ಟೆಗೆ ಬಂದು ಇನ್ನೊಬ್ಬರ ಹೆಸರಲ್ಲಿ ವೋಟು ಹಾಕಿದ ಒಂದೇ ಒಂದು ಪ್ರಕರಣವೂ ದಾಖಲೆಯಲ್ಲಿ ಇಲ್ಲ ಅಂತ ತೀರ್ಪಿನಲ್ಲೇ ಒಪ್ಪಿಕೊಂಡಿದ್ದರು. ಆದರೂ ಚುನಾವಣೆಯ ಮೇಲೆ ಜನರ ನಂಬಿಕೆ ಮುಖ್ಯ, ಹೊರೆಯೂ ದೊಡ್ಡದಲ್ಲ ಅನ್ನುವುದು ತೀರ್ಪಿನ ಸಾರ. ಒಂದೇ ವಾರದ ನಂತರ ಮೇ ತಿಂಗಳ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ ಬಂತು. ಸೌತ್ ಬೆಂಡ್ ಊರಿನ ಕಾನ್ವೆಂಟಿನಲ್ಲಿದ್ದ ಸುಮಾರು 12 ಮಂದಿ ವಯಸ್ಸಾದ ಕ್ರೈಸ್ತ ಸನ್ಯಾಸಿನಿಯರು ವೋಟು ಹಾಕಲು ಬಂದರು. 80, 90 ದಾಟಿದವರು, ಒಬ್ಬರಿಗೆ 98. ಕಾರು ಓಡಿಸದೆ ಎಷ್ಟೋ ವರ್ಷವಾಗಿತ್ತು, ಕೆಲವರ ಬಳಿ ಅವಧಿ ಮುಗಿದ ಪಾಸ್‌ಪೋರ್ಟ್ ಇತ್ತು ಅಷ್ಟೇ. ಮತಗಟ್ಟೆಯಲ್ಲಿ ಕೂತಿದ್ದವರು ಅದೇ ಕಾನ್ವೆಂಟಿನ ಇನ್ನೊಬ್ಬ ಸನ್ಯಾಸಿನಿ. ಒಂದೇ ಸೂರಿನಡಿ ಇರುವವರು, ದಿನಾ ಮುಖ ನೋಡುವವರು. ಕಾನೂನು ಕಾನೂನೇ ಅಂತ ಅವರನ್ನು ವಾಪಸ್ ಕಳಿಸಬೇಕಾಯಿತು.

ಈ ಕೇಸಿನಲ್ಲಿ ಕೆಳಗಿನ ಮೇಲ್ಮನವಿ ಕೋರ್ಟಿನಲ್ಲಿ ಕಾನೂನಿನ ಪರ ತೀರ್ಪು ಬರೆದ ನ್ಯಾಯಾಧೀಶ ರಿಚರ್ಡ್ ಪೋಸ್ನರ್, 2013ರಲ್ಲಿ ತಾವು ತಪ್ಪು ಮಾಡಿದೆವು ಅಂತ ಬಹಿರಂಗವಾಗಿಯೇ ಹೇಳಿದರು.

ಯಾವ ಕಾರ್ಡ್ ನಡೆಯುತ್ತದೆ ಅನ್ನುವುದರಲ್ಲೂ ರಾಜಕೀಯ ಇದೆ. ಟೆಕ್ಸಾಸ್ 2011ರಲ್ಲಿ ಮಾಡಿದ ಕಾನೂನಿನಲ್ಲಿ ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ತೋರಿಸಿ ವೋಟು ಹಾಕಬಹುದಿತ್ತು, ಸರ್ಕಾರಿ ವಿಶ್ವವಿದ್ಯಾಲಯದ ಐಡಿ ತೋರಿಸಿದರೆ ಆಗುತ್ತಿರಲಿಲ್ಲ. ಬಂದೂಕಿನವರು ಯಾರಿಗೆ ವೋಟು ಹಾಕುತ್ತಾರೆ, ವಿದ್ಯಾರ್ಥಿಗಳು ಯಾರಿಗೆ ಹಾಕುತ್ತಾರೆ ಅನ್ನುವುದು ಶಾಸಕರಿಗೆ ಗೊತ್ತಿರಲಿಲ್ಲ ಅಂತ ನಂಬುವುದು ಕಷ್ಟ. ಸುಮಾರು 6 ಲಕ್ಷ ನೋಂದಾಯಿತ ಮತದಾರರ ಬಳಿ ಆ ಪಟ್ಟಿಯ ಯಾವ ಕಾರ್ಡೂ ಇಲ್ಲ ಅನ್ನುವುದು ಫೆಡರಲ್ ಕೋರ್ಟಿನ ಲೆಕ್ಕ. ಕೊನೆಗೆ ಕಾರ್ಡ್ ಇಲ್ಲದವರು ಕಾರಣ ಬರೆದುಕೊಟ್ಟು ವೋಟು ಹಾಕುವ ದಾರಿಯನ್ನು ಸೇರಿಸಬೇಕಾಯಿತು. ನಾರ್ತ್ ಕ್ಯಾರೊಲಿನಾದ 2013ರ ಕಾನೂನನ್ನಂತೂ 2016ರಲ್ಲಿ ಮೇಲ್ಮನವಿ ಕೋರ್ಟು ರದ್ದು ಮಾಡುತ್ತಾ, ಅದು ಕಪ್ಪು ಮತದಾರರನ್ನು ಶಸ್ತ್ರಚಿಕಿತ್ಸೆಯಷ್ಟು ಕರಾರುವಾಕ್ಕಾಗಿ ಗುರಿ ಮಾಡಿದೆ ಅಂತ ಬರೆಯಿತು. ಶಾಸಕರು ಯಾವ ಜನಾಂಗದವರು ಯಾವ ರೀತಿ ವೋಟು ಹಾಕುತ್ತಾರೆ ಅನ್ನುವ ಅಂಕಿಅಂಶ ಮೊದಲು ತರಿಸಿಕೊಂಡು, ಆಮೇಲೆ ಕಾನೂನು ಬರೆದಿದ್ದರು.

"ಉಚಿತ ಐಡಿ ಕೊಡ್ತೀವಲ್ಲ" ಅನ್ನುವುದು ಇದಕ್ಕೆ ಉತ್ತರ. ಹೌದು, ಕೊಡುತ್ತಾರೆ. ಅದಕ್ಕೆ ಜನನ ಪ್ರಮಾಣ ಪತ್ರ ಬೇಕು, ಆ ಪತ್ರಕ್ಕೆ ದುಡ್ಡು ಬೇಕು, ಕಚೇರಿಗೆ ಹೋಗಲು ಕಾರು ಬೇಕು. ವಿಸ್ಕಾನ್ಸಿನ್‌ನ ಸಾಕ್ ಸಿಟಿ ಅನ್ನುವ ಊರಿನ ಲೈಸೆನ್ಸ್ ಕಚೇರಿ ತಿಂಗಳ ಐದನೇ ಬುಧವಾರ ಮಾತ್ರ ತೆರೆಯುತ್ತಿತ್ತು. ಐದು ಬುಧವಾರ ಬರುವ ತಿಂಗಳೇ ಕಡಿಮೆ. 2016ರಲ್ಲಿ, ಅಂದರೆ ಅಧ್ಯಕ್ಷ ಚುನಾವಣೆಯ ವರ್ಷ, ಇಡೀ ವರ್ಷಕ್ಕೆ ನಾಲ್ಕೇ ದಿನ. ಅದರಲ್ಲಿ ಕೊನೆಯದು ನವೆಂಬರ್ 30, ಮತದಾನ ಮುಗಿದ ಮೇಲೆ. ಇದು ಬೇಕೆಂದೇ ಮಾಡಿದ್ದು ಅಂತ ನಾನು ಹೇಳುತ್ತಿಲ್ಲ. ಸಣ್ಣ ಊರು, ಸಿಬ್ಬಂದಿ ಕಡಿಮೆ. ಆದರೆ ವೋಟು ಹಾಕಲು ಕಾರ್ಡ್ ಬೇಕು ಅಂತ ಕಾನೂನು ಮಾಡಿದ ಸರ್ಕಾರ, ಕಾರ್ಡ್ ಕೊಡುವ ಕಚೇರಿಯ ಬಾಗಿಲನ್ನು ಹೆಚ್ಚು ದಿನ ತೆರೆಯುವ ಕಾನೂನನ್ನೂ ಜೊತೆಗೇ ಮಾಡಬೇಕಿತ್ತು.

ನಾರ್ತ್ ಡಕೋಟಾದಲ್ಲಿ ಇನ್ನೂ ವಿಚಿತ್ರ. ಐಡಿಯ ಮೇಲೆ ಮನೆಯ ರಸ್ತೆ ವಿಳಾಸ ಇರಲೇಬೇಕು ಅಂದರು. ಮೂಲನಿವಾಸಿಗಳಿಗೆ ಮೀಸಲಿಟ್ಟ ಪ್ರದೇಶಗಳಲ್ಲಿ (ರಿಸರ್ವೇಷನ್) ಎಷ್ಟೋ ರಸ್ತೆಗಳಿಗೆ ಹೆಸರೇ ಇಲ್ಲ, ಮನೆಗಳಿಗೆ ನಂಬರಿಲ್ಲ. ಕಾಗದ ಪತ್ರ ಬರುವುದು ಪೋಸ್ಟ್ ಬಾಕ್ಸಿಗೆ. 2018ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ಒಂದು ತಿಂಗಳಿರುವಾಗ, ಸುಪ್ರೀಂ ಕೋರ್ಟು ಇದಕ್ಕೆ ತಡೆ ಕೊಡಲು ಒಪ್ಪಲಿಲ್ಲ. ಬುಡಕಟ್ಟು ಮಂಡಳಿಗಳೇ ಕೂತು ಮನೆಗಳಿಗೆ ವಿಳಾಸ ಕೊಟ್ಟು, ಶುಲ್ಕ ಬಿಟ್ಟು, ಹಗಲು ರಾತ್ರಿ ಕಾರ್ಡ್ ಅಚ್ಚು ಹಾಕಿದವು. ಆ ವರ್ಷ ಅಲ್ಲಿ ಮತದಾನ ಹೆಚ್ಚೇ ಆಯಿತು. ಹೆಚ್ಚಾಯಿತಲ್ಲ, ಮತ್ತೇನು ತೊಂದರೆ ಅಂತ ಕೇಳುವವರಿದ್ದಾರೆ. ಆ ಓಡಾಟ ಮಾಡಿದ್ದು ಬಡ ಬುಡಕಟ್ಟುಗಳು, ರಾಜ್ಯ ಸರ್ಕಾರವಲ್ಲ ಅನ್ನುವುದೇ ತೊಂದರೆ.

ಇಷ್ಟು ಹೇಳಿದ ಮೇಲೆ ಡೆಮಾಕ್ರಾಟರ ವಾದವನ್ನೂ ಒರೆಗೆ ಹಚ್ಚಬೇಕು. ಐಡಿ ಕಾನೂನು ಬಂದರೆ ಲಕ್ಷಾಂತರ ಜನ ವೋಟು ಕಳೆದುಕೊಳ್ಳುತ್ತಾರೆ ಅನ್ನುತ್ತಾ ಬಂದಿದ್ದಾರೆ. ಹಾಗೆ ಆಗಿಲ್ಲ. ಕಾಂಟೋನಿ ಮತ್ತು ಪೋನ್ಸ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2008ರಿಂದ 2018ರವರೆಗಿನ ದೇಶದ ಮತದಾರರ ದಾಖಲೆ ಹಿಡಿದು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಟ್ಟುನಿಟ್ಟಿನ ಐಡಿ ಕಾನೂನಿನಿಂದ ಒಟ್ಟು ಮತದಾನ ಗಮನಾರ್ಹವಾಗಿ ಇಳಿದಿಲ್ಲ, ಯಾವ ಜನಾಂಗದಲ್ಲೂ ಇಳಿದಿಲ್ಲ ಅನ್ನುವುದು ಅವರು ಕಂಡುಕೊಂಡದ್ದು. ಜಾರ್ಜಿಯಾದ 2021ರ ಚುನಾವಣಾ ಕಾನೂನನ್ನು ಆಗಿನ ಅಧ್ಯಕ್ಷ ಬೈಡನ್ ಸೆಲ್ಮಾ ಕಾಲದ ಜನಾಂಗೀಯ ಕಾನೂನುಗಳಿಗೆ ಹೋಲಿಸಿದರು. ಬೇಸ್‌ಬಾಲ್ ಲೀಗ್ ತನ್ನ ಆಲ್ ಸ್ಟಾರ್ ಪಂದ್ಯವನ್ನೇ ಅಟ್ಲಾಂಟಾದಿಂದ ಡೆನ್ವರ್‌ಗೆ ಒಯ್ದಿತು. 2022ರಲ್ಲಿ, ಅಧ್ಯಕ್ಷರ ಅವಧಿಯ ನಡುವೆ ಬರುವ ಮಧ್ಯಂತರ ಚುನಾವಣೆಯಲ್ಲಿ, ಅದೇ ಜಾರ್ಜಿಯಾದಲ್ಲಿ ಮುಂಗಡ ಮತದಾನ ದಾಖಲೆ ಬರೆಯಿತು. ಹೀಗೆ ಹೆಚ್ಚು ಹೇಳಿ ನಂಬಿಕೆ ಕಳೆದುಕೊಂಡರೆ, ನಿಜವಾಗಿ ತೊಂದರೆ ಇರುವ ಸೌತ್ ಬೆಂಡ್, ನಾರ್ತ್ ಡಕೋಟಾದಂಥ ಕಡೆ ಜನ ಕಿವಿಗೊಡುವುದಿಲ್ಲ. ನನಗೆ ಇದು ಬೇಸರ ತರುತ್ತದೆ.

ಅದೇ ಅಧ್ಯಯನದ ಇನ್ನೊಂದು ಮಾತನ್ನು ರಿಪಬ್ಲಿಕನ್ನರು ಓದುವುದಿಲ್ಲ: ಐಡಿ ಕಾನೂನಿನಿಂದ ಅಕ್ರಮವೂ ಕಡಿಮೆಯಾದದ್ದು ಕಾಣಲಿಲ್ಲ. ಕಡಿಮೆಯಾಗಲು ಮೊದಲು ಇರಬೇಕಲ್ಲ. ಕಾನೂನು ಪ್ರಾಧ್ಯಾಪಕ ಜಸ್ಟಿನ್ ಲೆವಿಟ್ 2000ರಿಂದ 2014ರವರೆಗೆ ಹುಡುಕಿದಾಗ, 100 ಕೋಟಿಗೂ ಹೆಚ್ಚು ಮತಗಳ ನಡುವೆ ಇನ್ನೊಬ್ಬರ ಹೆಸರಲ್ಲಿ ಮತಗಟ್ಟೆಗೆ ಬಂದ ನಂಬಬಹುದಾದ ಪ್ರಕರಣ ಸಿಕ್ಕದ್ದು 31. ನಿಜವಾದ ಅಕ್ರಮ ನಡೆಯುವ ಜಾಗ ಅಂಚೆ ಮತ. 2018ರಲ್ಲಿ ನಾರ್ತ್ ಕ್ಯಾರೊಲಿನಾದ 9ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಅಭ್ಯರ್ಥಿಯ ಪರ ಕೆಲಸ ಮಾಡುತ್ತಿದ್ದ ಒಬ್ಬನ ಜನ ಬ್ಲೇಡನ್ ಕೌಂಟಿಯಲ್ಲಿ ಮನೆಮನೆಗೆ ಹೋಗಿ ಅಂಚೆ ಮತಪತ್ರಗಳನ್ನು ಅಕ್ರಮವಾಗಿ ಸಂಗ್ರಹಿಸಿದ್ದರು. ಚುನಾವಣಾ ಮಂಡಳಿ ಫಲಿತಾಂಶವನ್ನೇ ರದ್ದು ಮಾಡಿ ಮತ್ತೆ ಚುನಾವಣೆ ನಡೆಸಿತು. ಮತಗಟ್ಟೆಯ ಬಾಗಿಲಲ್ಲಿ ಕಾರ್ಡ್ ಕೇಳಿದ್ದರೆ ಇದು ನಿಲ್ಲುತ್ತಿರಲಿಲ್ಲ. ಗಾಯ ಒಂದು ಕಡೆ, ಮುಲಾಮು ಇನ್ನೊಂದು ಕಡೆ.

ಹಾಗಿದ್ದರೂ ಜನ ಮಾತ್ರ ಐಡಿ ಬೇಕು ಅನ್ನುತ್ತಾರೆ. 2024ರ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 84 ಜನ ಫೋಟೋ ಐಡಿಯ ಪರ. ಡೆಮಾಕ್ರಟಿಕ್ ಮತದಾರರಲ್ಲೂ ಪರ ಇರುವವರೇ ಜಾಸ್ತಿ. 2025ರ ಏಪ್ರಿಲ್ 1ರಂದು ವಿಸ್ಕಾನ್ಸಿನ್‌ನಲ್ಲಿ ನಡೆದದ್ದನ್ನು ನೋಡಿ. ಒಂದೇ ದಿನ, ಒಂದೇ ಮತಪತ್ರ. ರಾಜ್ಯ ಸುಪ್ರೀಂ ಕೋರ್ಟಿನ ಸ್ಥಾನಕ್ಕೆ ಡೆಮಾಕ್ರಾಟರು ಬೆಂಬಲಿಸಿದ ಸೂಸನ್ ಕ್ರಾಫರ್ಡ್ ಸುಮಾರು 10 ಪಾಯಿಂಟ್ ಅಂತರದಲ್ಲಿ ಗೆದ್ದರು. ಎದುರಾಳಿಯ ಪರ ಎಲಾನ್ ಮಸ್ಕ್ ಕೋಟಿಗಟ್ಟಲೆ ಡಾಲರ್ ಸುರಿದದ್ದು ಉಪಯೋಗವಾಗಲಿಲ್ಲ. ಅದೇ ಜನ ಅದೇ ಮತಪತ್ರದಲ್ಲಿ ಫೋಟೋ ಐಡಿಯನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಲು ಸುಮಾರು 63 ಶೇಕಡಾ ಒಪ್ಪಿಗೆ ಕೊಟ್ಟರು. ಲಕ್ಷಾಂತರ ಜನ ಎರಡಕ್ಕೂ ಹೂಂ ಅಂದಿದ್ದಾರೆ ಅಂತಾಯಿತು. ನಾವು ಹೊರಗೆ ಕೂತು ಐಡಿ ಬೇಕೆಂದವನು ರಿಪಬ್ಲಿಕನ್, ಬೇಡ ಅಂದವನು ಡೆಮಾಕ್ರಾಟ್ ಅಂತ ಗೆರೆ ಎಳೆಯುತ್ತೇವೆ. ಅಲ್ಲಿಯ ಮತದಾರ ಹಾಗೆ ಯೋಚಿಸುವುದಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಮೇನ್ ರಾಜ್ಯದಲ್ಲಿ ಐಡಿ ಕಾನೂನಿನ ಜೊತೆಗೆ ಅಂಚೆ ಮತಕ್ಕೂ ಕಡಿವಾಣ ಹಾಕುವ ಪ್ರಸ್ತಾವ ಬಂತು. ಜನ ಅದನ್ನು ದೊಡ್ಡ ಅಂತರದಲ್ಲಿ ತಿರಸ್ಕರಿಸಿದರು. ಬರೀ ಐಡಿ ಆಗಿದ್ದರೆ ಪಾಸಾಗುತ್ತಿತ್ತೇನೋ. ಜೊತೆಗೆ ಕಟ್ಟಿದ ಗಂಟು ಅವರಿಗೆ ಹಿಡಿಸಲಿಲ್ಲ ಅಂತ ನನಗನ್ನಿಸುತ್ತದೆ.

ಪಕ್ಷಗಳ ಲಾಭದ ಲೆಕ್ಕವೂ ಈಗ ಅದಲು ಬದಲಾಗಿದೆ. 2012ರಲ್ಲಿ ಪೆನ್ಸಿಲ್ವೇನಿಯಾದ ರಿಪಬ್ಲಿಕನ್ ನಾಯಕ ಮೈಕ್ ಟರ್ಜಾಯ್, ಐಡಿ ಕಾನೂನಿನಿಂದ ತಮ್ಮ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಮಿಟ್ ರಾಮ್ನಿ ನಮ್ಮ ರಾಜ್ಯ ಗೆಲ್ಲುತ್ತಾರೆ ಅಂತ ವೇದಿಕೆಯ ಮೇಲೆಯೇ ಹೇಳಿಬಿಟ್ಟಿದ್ದರು. ಆಗ ಅಪರೂಪಕ್ಕೆ ವೋಟು ಹಾಕುವವರು ಡೆಮಾಕ್ರಾಟರ ಕಡೆಯವರು ಅನ್ನುವ ನಂಬಿಕೆ ಇತ್ತು. ಟ್ರಂಪ್ ಕಾಲದಲ್ಲಿ ಕಾಲೇಜು ಓದಿದ, ತಪ್ಪದೆ ವೋಟು ಹಾಕುವ ಉಪನಗರದ ಜನ ಡೆಮಾಕ್ರಾಟರ ಕಡೆ ಸರಿದಿದ್ದಾರೆ. ಕಾಲೇಜು ಓದದ, ಒಮ್ಮೊಮ್ಮೆ ಮಾತ್ರ ಬರುವ ಜನ ಟ್ರಂಪ್ ಕಡೆ ಬಂದಿದ್ದಾರೆ. ಕಾಗದ ಪತ್ರ ಕಡಿಮೆ ಇರುವುದು ಯಾರ ಬಳಿ ಅಂತ ರಿಪಬ್ಲಿಕನ್ನರು ಈಗ ತಾವೇ ಕೇಳಿಕೊಳ್ಳಬೇಕಾದ ಕಾಲ.

ಯಾಕೆಂದರೆ ಜಗಳ ಈಗ ಐಡಿಯಿಂದ ಪೌರತ್ವದ ದಾಖಲೆಗೆ ಬಂದಿದೆ. ಇವೆರಡನ್ನೂ ನಾವು ಒಂದೇ ಅಂದುಕೊಂಡು ಮಾತಾಡುತ್ತೇವೆ. ಎಚ್-1ಬಿ ವೀಸಾದಲ್ಲಿರುವ ಬೆಂಗಳೂರಿನ ಇಂಜಿನಿಯರ್ ಬಳಿಯೂ ನಕ್ಷತ್ರದ ಗುರುತಿರುವ ರಿಯಲ್ ಐಡಿ ಲೈಸೆನ್ಸ್ ಇರುತ್ತದೆ. ಅವನಿಗೆ ವೋಟಿಲ್ಲ. ಆ ಕಾರ್ಡ್ ಹೇಳುವುದು ಇವನು ಯಾರು ಅನ್ನುವುದನ್ನು, ಯಾವ ದೇಶದ ಪ್ರಜೆ ಅನ್ನುವುದನ್ನಲ್ಲ. 2024ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಒಬ್ಬ ಚೀನೀ ವಿದ್ಯಾರ್ಥಿ ಆ್ಯನ್ ಆರ್ಬರ್‌ನಲ್ಲಿ ಕಾಲೇಜು ಐಡಿ ತೋರಿಸಿ, ತಾನು ಪ್ರಜೆ ಅಂತ ಸಹಿ ಹಾಕಿ ವೋಟು ಹಾಕಿದ. ಆಮೇಲೆ ತಾನೇ ಹೋಗಿ ಮತಪತ್ರ ವಾಪಸ್ ಕೇಳಿದಾಗ ಸಿಕ್ಕಿಬಿದ್ದ. ಆ ಮತ ಎಣಿಕೆಯಾಯಿತು. ರಿಪಬ್ಲಿಕನ್ನರ ಆತಂಕ ಪೂರ್ತಿ ಕಲ್ಪನೆಯಲ್ಲ ಅನ್ನುವುದಕ್ಕೆ ಇದು ಸಾಕ್ಷಿ. ಅದು ಎಷ್ಟು ಅಪರೂಪ ಅನ್ನುವುದಕ್ಕೂ ಸಾಕ್ಷಿ ಇದೆ. ರಿಪಬ್ಲಿಕನ್ ಆಡಳಿತದ ಜಾರ್ಜಿಯಾ 2024ರಲ್ಲಿ ತನ್ನ 82 ಲಕ್ಷ ಮತದಾರರ ಪಟ್ಟಿ ಜಾಲಾಡಿದಾಗ ಸಿಕ್ಕ ಪೌರರಲ್ಲದವರು 20.

2025ರ ಏಪ್ರಿಲ್‌ನಲ್ಲಿ ಅಮೆರಿಕದ ಪ್ರತಿನಿಧಿ ಸಭೆ 'ಸೇವ್ ಆ್ಯಕ್ಟ್' ಅನ್ನುವ ಮಸೂದೆಯನ್ನು 220–208ರಲ್ಲಿ ಪಾಸು ಮಾಡಿತು. ನೋಂದಣಿಗೆ ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣ ಪತ್ರದಂಥ ದಾಖಲೆ ಬೇಕು ಅನ್ನುವುದು ಅದರ ತಿರುಳು. ಟ್ರಂಪ್ ಆದೇಶದಲ್ಲೂ ಇದೇ ಬೇಡಿಕೆ ಇತ್ತು. ಚುನಾವಣೆಯ ನಿಯಮ ಮಾಡುವ ಅಧಿಕಾರ ರಾಜ್ಯಗಳದ್ದು ಮತ್ತು ಸಂಸತ್ತಿನದ್ದು, ಅಧ್ಯಕ್ಷರದ್ದಲ್ಲ ಅಂತ ಫೆಡರಲ್ ಕೋರ್ಟು ಆ ಭಾಗವನ್ನು ತಡೆಯಿತು. ಅಮೆರಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧ ಜನರ ಬಳಿ ಪಾಸ್‌ಪೋರ್ಟ್ ಇಲ್ಲ. ಮದುವೆಯಾಗಿ ಹೆಸರು ಬದಲಿಸಿಕೊಂಡ ಹೆಂಗಸರ ಜನನ ಪತ್ರದಲ್ಲಿ ತವರಿನ ಹೆಸರು.

ಇಂಥ ಕಾನೂನು ಜಾರಿಯಾದರೆ ಏನಾಗುತ್ತದೆ ಅಂತ ಊಹೆ ಮಾಡಬೇಕಾಗಿಲ್ಲ. ಕಾನ್ಸಾಸ್‌ನಲ್ಲಿ ಆಗಿಹೋಗಿದೆ. ಆ ರಾಜ್ಯದ ಚುನಾವಣೆ ನೋಡಿಕೊಳ್ಳುತ್ತಿದ್ದ ರಿಪಬ್ಲಿಕನ್ ಕ್ರಿಸ್ ಕೋಬ್ಯಾಕ್ ಮುಂದೆ ನಿಂತು ತಂದ ಕಾನೂನು 2013ರಿಂದ ಜಾರಿಯಾಯಿತು. ಸುಮಾರು 31 ಸಾವಿರ ಅರ್ಜಿಗಳು ದಾಖಲೆ ಇಲ್ಲ ಅಂತ ನಿಂತವು. ಅರ್ಜಿ ಹಾಕಿದವರಲ್ಲಿ ನೂರಕ್ಕೆ 12 ಜನ. ಅದಕ್ಕೆ ಮೊದಲಿನ 14 ವರ್ಷಗಳಲ್ಲಿ ಪಟ್ಟಿಗೆ ಸೇರಿದ್ದಾರೆ ಅಂತ ವಿಚಾರಣೆಯಲ್ಲಿ ಸಾಬೀತಾದ ಪೌರರಲ್ಲದವರು 39. ಕಾಣುವುದು ಹಿಮಗುಡ್ಡದ ತುದಿ ಮಾತ್ರ ಅಂತ ಕೋಬ್ಯಾಕ್ ವಾದಿಸಿದರು. ನ್ಯಾಯಾಧೀಶೆ ಜೂಲಿ ರಾಬಿನ್ಸನ್ 2018ರ ತೀರ್ಪಿನಲ್ಲಿ, ಗುಡ್ಡವೇ ಇಲ್ಲ, ಇರುವುದು ಗೊಂದಲದಿಂದ ಮತ್ತು ಕಚೇರಿಯ ತಪ್ಪುಗಳಿಂದ ಆದ ಹಿಮದ ಕಡ್ಡಿಯಷ್ಟೇ ಅಂದರು. 39 ಜನರನ್ನು ತಡೆಯಲು ಸಾವಿರಾರು ನಿಜ ಪ್ರಜೆಗಳನ್ನು ಹೊರಗೆ ನಿಲ್ಲಿಸಿದ್ದು ನನ್ನ ಕಣ್ಣಿಗೆ ಯಾವ ಲೆಕ್ಕದಲ್ಲೂ ಸರಿ ಕಾಣುವುದಿಲ್ಲ.

ಅಲ್ಲಿ ಪೌರತ್ವ ಪಡೆದ ಕನ್ನಡಿಗರಿಗೆ ಇದರಲ್ಲಿ ನೇರ ಸಂಬಂಧವೂ ಇದೆ. 2019ರ ಜನವರಿಯಲ್ಲಿ ಟೆಕ್ಸಾಸ್ ಸರ್ಕಾರ ಸುಮಾರು 95 ಸಾವಿರ ಮತದಾರರು ಪೌರರಲ್ಲದಿರಬಹುದು ಅಂತ ಪಟ್ಟಿ ಹೊರಡಿಸಿತು. ಲೈಸೆನ್ಸ್ ಮಾಡಿಸುವಾಗ ವೀಸಾ ಅಥವಾ ಗ್ರೀನ್ ಕಾರ್ಡ್ ತೋರಿಸಿದ್ದವರ ಹೆಸರುಗಳವು. ಅವರಲ್ಲಿ ಎಷ್ಟೋ ಜನ ಲೈಸೆನ್ಸ್ ಪಡೆದ ಮೇಲೆ ಪ್ರಜೆಗಳಾಗಿದ್ದರು. ಹಳೆಯ ದಾಖಲೆ ಹಾಗೆಯೇ ಉಳಿದಿತ್ತು. ಕೆಲವೇ ದಿನಗಳಲ್ಲಿ ಸಾವಿರಾರು ಹೆಸರು ತಪ್ಪು ಅಂತ ಗೊತ್ತಾಯಿತು. ಏಪ್ರಿಲ್‌ನಲ್ಲಿ ಇಡೀ ಕಸರತ್ತನ್ನು ಕೈಬಿಟ್ಟರು. ವೀಸಾ, ಗ್ರೀನ್ ಕಾರ್ಡ್, ಪೌರತ್ವ ಅನ್ನುವ ದಾರಿಯಲ್ಲಿ ನಡೆದ ಯಾವ ಭಾರತೀಯ ಕುಟುಂಬದ ಹೆಸರೂ ಇಂಥ ಪಟ್ಟಿಯಲ್ಲಿ ಬರಬಹುದು.

ಈಗ ನಮ್ಮ ಹಳ್ಳಿಯ ಅಜ್ಜಿಯ ವಿಷಯ. ಅಜ್ಜಿ ಕಾರ್ಡ್ ತೋರಿಸುತ್ತಾಳೆ, ನಿಜ. ಅದಕ್ಕಾಗಿ ಅವಳು ಎಷ್ಟು ಓಡಾಡಿದಳು? ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟ್ರೋ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿ ಅವಳ ಬಾಗಿಲಿಗೆ ಬಂದರು. ಹೆಸರು ಬರೆದುಕೊಂಡರು. ಶೇಷನ್ ಕಾಲದಲ್ಲಿ, 1993ರಲ್ಲಿ ಶುರುವಾದ ಫೋಟೋ ಗುರುತಿನ ಚೀಟಿಗೆ ದುಡ್ಡು ಕೊಡಬೇಕಿಲ್ಲ. ಅದು ಕಳೆದುಹೋದರೆ ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ ಸೇರಿ ಹತ್ತಾರು ಬದಲಿ ದಾಖಲೆ ನಡೆಯುತ್ತವೆ. ಮತಗಟ್ಟೆ 2 ಕಿಲೋಮೀಟರ್ ಒಳಗೆ ಇರಬೇಕು ಅನ್ನುವುದು ಆಯೋಗದ ನಿಯಮ. ಮತದಾನದ ದಿನ ರಜೆ. ಅಮೆರಿಕದಲ್ಲಿ 1845ರ ಕಾನೂನಿನಂತೆ ಇವತ್ತಿಗೂ ಮಂಗಳವಾರ ಮತದಾನ, ದೇಶಕ್ಕೆಲ್ಲ ರಜೆಯೂ ಇಲ್ಲ. ಇನ್ನು ಮೈಸೂರಿನ ಬಣ್ಣದ ಕಾರ್ಖಾನೆಯ ಶಾಯಿ 1962ರಿಂದ ನಮ್ಮ ಬೆರಳಿಗೆ ಹತ್ತುತ್ತಿದೆ. ಇಷ್ಟೆಲ್ಲ ಏರ್ಪಾಡಿನ ತುದಿಯಲ್ಲಿ ಕಾರ್ಡ್ ಇದೆ. ಏರ್ಪಾಡನ್ನು ಬಿಟ್ಟು ಕಾರ್ಡನ್ನು ಮಾತ್ರ ಎತ್ತಿ ಅಮೆರಿಕಕ್ಕೆ ತೋರಿಸುವುದು ಸರಿಯಾಗುವುದಿಲ್ಲ.

ಆ ಏರ್ಪಾಡೂ ಈಗ ನಮ್ಮಲ್ಲಿ ಅಲುಗಾಡುತ್ತಿದೆ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾದಾಗ ಆಯೋಗ ಕೇಳಿದ 11 ದಾಖಲೆಗಳಲ್ಲಿ ಅದರದ್ದೇ ವೋಟರ್ ಕಾರ್ಡ್ ಇರಲಿಲ್ಲ, ಆಧಾರ್ ಕೂಡ ಇರಲಿಲ್ಲ. ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದವು. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಅಂತ ಆಯೋಗ ಹೇಳಿತು. ಆಧಾರನ್ನು 12ನೇ ದಾಖಲೆಯಾಗಿ ಒಪ್ಪಿಕೊಳ್ಳಿ ಅಂತ ಸುಪ್ರೀಂ ಕೋರ್ಟು ಸೆಪ್ಟೆಂಬರ್‌ನಲ್ಲಿ ಹೇಳಬೇಕಾಯಿತು. ಅದೂ ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ. ಬೆಂಗಳೂರಿನ ಮಹದೇವಪುರದ ಪಟ್ಟಿಯಲ್ಲಿ ಲಕ್ಷಕ್ಕೂ ಹೆಚ್ಚು ನಕಲಿ ಮತ ಇವೆ ಅಂತ ರಾಹುಲ್ ಗಾಂಧಿ ಆರೋಪಿಸಿದರು, ಆಯೋಗ ಅದನ್ನು ತಳ್ಳಿಹಾಕಿತು. ಯಾರದು ಸರಿ ಅನ್ನುವುದು ಬೇರೆ ಲೇಖನದ ಮಾತು. ಎಲ್ಲರ ಕೈಗೂ ಕಾರ್ಡ್ ಕೊಡುವ ದೇಶದಲ್ಲೂ ಜಗಳ ನಡೆಯುತ್ತಿರುವುದು ಪಟ್ಟಿಯ ಮೇಲೆಯೇ ಅನ್ನುವುದನ್ನು ಅಮೆರಿಕಕ್ಕೆ ಬುದ್ಧಿ ಹೇಳುವ ಮೊದಲು ನಾವು ನೋಡಿಕೊಳ್ಳಬೇಕು.

ಅಮೆರಿಕದಲ್ಲೇ ಇದಕ್ಕೊಂದು ದಾರಿ ತೋರಿಸಿದವರಿದ್ದಾರೆ. ದೇಶದ ಅಧ್ಯಕ್ಷರಾಗಿದ್ದ ಡೆಮಾಕ್ರಾಟ್ ಜಿಮ್ಮಿ ಕಾರ್ಟರ್ ಮತ್ತು ವಿದೇಶಾಂಗ ಸಚಿವರಾಗಿದ್ದ ರಿಪಬ್ಲಿಕನ್ ಜೇಮ್ಸ್ ಬೇಕರ್ ನೇತೃತ್ವದ ಆಯೋಗ 2005ರಲ್ಲೇ ಫೋಟೋ ಐಡಿ ತನ್ನಿ ಅಂದಿತ್ತು. ಅದೇ ಉಸಿರಿನಲ್ಲಿ, ರಾಜ್ಯಗಳೇ ಜನರನ್ನು ಹುಡುಕಿಕೊಂಡು ಹೋಗಿ ಉಚಿತವಾಗಿ ಕಾರ್ಡ್ ಕೊಡಬೇಕು ಅಂತಲೂ ಅಂದಿತ್ತು. ರಿಪಬ್ಲಿಕನ್ ರಾಜ್ಯಗಳು ಮೊದಲ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟವು. ಡೆಮಾಕ್ರಾಟರು ಎರಡನೆಯದಕ್ಕೆ ಪಟ್ಟು ಹಿಡಿಯುವ ಬದಲು ಮೊದಲನೆಯದನ್ನೇ ವಿರೋಧಿಸುತ್ತಾ ಕೂತರು. ನೆವಾಡಾದಲ್ಲಿ 2024ರಲ್ಲಿ ನೂರಕ್ಕೆ 73ರಷ್ಟು ಜನ ಐಡಿ ಬೇಕು ಅಂದಿದ್ದಾರೆ, 2026ರ ನವೆಂಬರ್‌ನಲ್ಲಿ ಎರಡನೇ ಸಲವೂ ಹೂಂ ಅಂದರೆ ಮಾತ್ರ ಅದು ಸಂವಿಧಾನಕ್ಕೆ ಸೇರುತ್ತದೆ. ಬೇಡ ಅಂತ ಹೋರಾಡಿ ಗೆಲ್ಲುವ ಕಾಲ ಮುಗಿದಿದೆ ಅನ್ನುವುದು ನನ್ನ ಅನಿಸಿಕೆ.

ಎರಡನ್ನೂ ಒಟ್ಟಿಗೆ ಮಾಡಿದ್ದು ರೋಡ್ ಐಲೆಂಡ್ ಅನ್ನುವ ಪುಟ್ಟ ರಾಜ್ಯ. ಅಲ್ಲಿಯ ಶಾಸನಸಭೆ ಡೆಮಾಕ್ರಾಟರದ್ದು. ಬೇರೊಬ್ಬರು ತನ್ನ ಹೆಸರಲ್ಲಿ ವೋಟು ಹಾಕಿಹೋಗಿದ್ದಾರೆ ಅಂತ ವಯಸ್ಸಾದ ಮಹಿಳೆಯೊಬ್ಬರು ಹೇಳಿಕೊಂಡ ದೂರು ಕೇಳಿದ ಹೆರಾಲ್ಡ್ ಮೆಟ್ಸ್ ಅನ್ನುವ ಕಪ್ಪು ಸೆನೆಟರ್ ಫೋಟೋ ಐಡಿ ಮಸೂದೆ ತಂದರು. 2011ರಲ್ಲಿ ಅದು ಕಾನೂನಾಯಿತು. ಆಮೇಲೆ ರಾಜ್ಯದ ಸಿಬ್ಬಂದಿ ಕ್ಯಾಮೆರಾ, ಪ್ರಿಂಟರ್ ಹೊತ್ತು ವೃದ್ಧರ ಕೇಂದ್ರಗಳಿಗೆ, ಚರ್ಚುಗಳಿಗೆ, ನಿರ್ಗತಿಕರ ತಂಗುದಾಣಗಳಿಗೆ ಹೋಗಿ ಅಲ್ಲೇ ಫೋಟೋ ತೆಗೆದು ಪುಕ್ಕಟೆ ಕಾರ್ಡ್ ಕೊಟ್ಟರು. ಮತದಾನದ ದಿನ ಕಾರ್ಡ್ ಮರೆತು ಬಂದವರಿಗೂ ಅಲ್ಲಿ ಮತಪತ್ರ ಸಿಗುತ್ತದೆ. ಸಹಿ ತಾಳೆಯಾದರೆ ಆ ಮತ ಎಣಿಕೆಗೆ ಸೇರುತ್ತದೆ.